ಹಳೆ ರೊಟ್ಟಿಗೆ ಹೊಸ ತೆಂಗಿನಕಾಯಿ

ಪಳ್ಳಿಯ, ಅಂದರೆ ಮಸೀದಿಯ ಲೆಕ್ಕದಲ್ಲಿ ಅಂದು ಶಾಬಾನ್ ತಿಂಗಳ ಒಂದನೇ ದಿನ. ನಮ್ಮ ಮನೆಯ ಲೆಕ್ಕದಲ್ಲಿ ರಜಬ್ ಮೂವತ್ತು. ನಸುಕಿನ ಸುಬಹಿ ನಮಾಜು ಮುಗಿದು ಅಂಗಳದ ಮಣ್ಣಿನ ಕೆಂಪು ಬಣ್ಣ ಕಣ್ಣಿಗೆ ಕಾಣತೊಡಗಿದ ಹೊತ್ತು. ಅಡುಗೆಮನೆಯಲ್ಲಿ ಹಾಜರಿದ್ದವರು ಮೂವರು: ನನ್ನ ತಂದೆ ಉಪ್ಪನ ತಾಯಿ ಬೆಲ್ಯುಮ್ಮ, ಉಪ್ಪನ ತಮ್ಮನ ಹೆಂಡತಿ ಎಳೆಮ್ಮ, ಮತ್ತು ಮೂರನೇ ತರಗತಿಯ ನಾನು. ಹಾಜರಿಲ್ಲದವರು: ನನ್ನ ತಾಯಿ ಉಮ್ಮ ಹೆರಿಗೆಗೆಂದು ರಾಮಕುಂಜದ ತವರಿಗೆ ಹೋಗಿದ್ದರು, ಎಳೆಮ್ಮನ ಗಂಡ ಎಳೇಪ್ಪ ಗಲ್ಫಿನಲ್ಲಿದ್ದರು, ಉಪ್ಪ ಹಿಂದಿನ ದಿನ ಪುತ್ತೂರಿನಲ್ಲಿ ಕೊನೆಯ ಬಸ್ಸು ತಪ್ಪಿಸಿಕೊಂಡಿದ್ದರು. ಆಮೇಲೆ ಜೀವಮಾನವಿಡೀ ಶಾಲೆಯಲ್ಲಿ ಹಾಜರಿ ಕರೆದವಳು ನಾನು. ಯಾರು ಇದ್ದರು, ಯಾರು ಇರಲಿಲ್ಲ ಎಂದು ಮೊದಲು ಹೇಳದೆ ಯಾವ ಸಂಗತಿಯನ್ನೂ ಶುರು ಮಾಡಲು ನನಗೆ ಬರುವುದಿಲ್ಲ. ಅದರಲ್ಲೂ ಈ ಸಂಗತಿ ಹುಟ್ಟಿದ್ದೇ ಉಪ್ಪ ಮನೆಯಲ್ಲಿ ಇರದೆ ಹೋದದ್ದರಿಂದ.

ಕಡಬ ಪೇಟೆಯಿಂದ ಕೋಡಿಂಬಾಳದ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ನಮ್ಮ ಮನೆ. ಎದುರಿನ ಕೋಣೆಯಲ್ಲಿ ಉಪ್ಪನ ಗೋಣಿಗಳು. ಅವರು ಕಾಳುಮೆಣಸು, ಗೇರುಬೀಜ ಖರೀದಿಸಿ ಪುತ್ತೂರಿಗೆ ಹಾಕುತ್ತಿದ್ದರು. ಆ ವಾಸನೆ ದಾಟಿ ಒಳಗೆ ಬಂದರೆ ಮಲಗುವ ಕೋಣೆಗಳು, ಕೊನೆಗೆ ಅಡುಗೆಮನೆ. ಅಡುಗೆಮನೆಯಲ್ಲಿ ಬೆಲ್ಯುಮ್ಮನ ಮಾತೇ ಕಾನೂನು. ಕೂದಲು ಕಟ್ಟದೆ ಒಳಗೆ ಬರುವ ಹಾಗಿಲ್ಲ. ಮೊಣಕೈವರೆಗೆ ಕೈ ತೊಳೆಯಬೇಕು. ಮೊದಲು ಬೂದಿ ತೆಗೆಯುವುದು, ಆಮೇಲೆ ಬೆಂಕಿ, ಆಮೇಲೆ ನೀರು, ಆಮೇಲೆ ಮಾತು. ನನ್ನ ಕೆಲಸ ಬೂದಿ ತೆಗೆಯುವುದು ಮತ್ತು ರೊಟ್ಟಿ ಸುಡುವ ಮಣ್ಣಿನ ಓಡನ್ನು ಒಣಬಟ್ಟೆಯಿಂದ ಒರೆಸಿ ಒಲೆಯ ಮೇಲಿಡುವುದು. ಓಡಿಗೆ ನೀರು ತಾಗಿದರೆ ಬೆನ್ನಿಗೆ ಬೆಲ್ಯುಮ್ಮನ ಕೈ ತಾಗುತ್ತಿತ್ತು. ಈ ಕ್ರಮ ನನಗೆ ಯಾವತ್ತೂ ಕಷ್ಟ ಅನ್ನಿಸಲಿಲ್ಲ. ಮುಂದಿನ ಕೆಲಸ ಯಾವುದು ಎಂದು ಗೊತ್ತಿರುವವರಿಗೆ ಬೆಳಗ್ಗೆ ಎಂದರೆ ಹೆದರಿಕೆ ಇರುವುದಿಲ್ಲ.

ರಾತ್ರಿಯ ಊಟಕ್ಕೆ ನಮ್ಮಲ್ಲಿ ಅಕ್ಕಿ ರೊಟ್ಟಿ. ಮಧ್ಯಾಹ್ನ ನೆನೆಹಾಕಿದ ಕುಚ್ಚಲಕ್ಕಿಯನ್ನು ಇಳಿಹೊತ್ತಿನ ಅಸರ್ ನಮಾಜಿನ ನಂತರ ಕಡೆಯುವ ಕಲ್ಲಿನಲ್ಲಿ ಗಟ್ಟಿಯಾಗಿ ಕಡೆದು, ಬಾಳೆಲೆಯ ಮೇಲೆ ತಟ್ಟಿ, ಎಲೆ ಸಮೇತ ಓಡಿಗೆ ಕವುಚಿ ಎಲೆಯನ್ನು ಕಿತ್ತು ತೆಗೆಯುವುದು. ಬೆಲ್ಯುಮ್ಮ ಉಣ್ಣುವವರನ್ನು ನೋಡಿ ಅಕ್ಕಿ ಅಳೆಯುತ್ತಿದ್ದರು, ಕೊನೆಯ ತುತ್ತಿಗೆ ಕೊನೆಯ ರೊಟ್ಟಿ ಮುಗಿಯಬೇಕು. ಉಳಿದರೆ ಅವರ ಮಾತಿನಲ್ಲಿ "ಕೈ ತಪ್ಪಿತು." ಆದರೆ ಉಪ್ಪನ ವ್ಯಾಪಾರಕ್ಕೂ ಪುತ್ತೂರಿನ ಕೊನೆಯ ಬಸ್ಸಿಗೂ ಹೊಂದಾಣಿಕೆ ಇರಲಿಲ್ಲವಾದ್ದರಿಂದ ವಾರದಲ್ಲಿ ಒಂದೆರಡು ಸಲವಾದರೂ ಕೈ ತಪ್ಪುತ್ತಲೇ ಇತ್ತು. ಉಳಿದ ರೊಟ್ಟಿ ಬೆಳಗ್ಗೆ ಹೆಂಗಸರಿಗೆ ಮತ್ತು ಮಕ್ಕಳಿಗೆ. ಅಷ್ಟು ಹೊತ್ತಿಗೆ ಅದು ಚಪ್ಪಲಿಯ ಅಟ್ಟೆಯ ಹಾಗಾಗಿರುತ್ತಿತ್ತು. ಬೆಲ್ಯುಮ್ಮ ಅದನ್ನು ನೇರ ಕೆಂಡದ ಮೇಲೆ ಇಟ್ಟು, ಎರಡು ಮಗ್ಗುಲೂ ಕಪ್ಪು ಚುಕ್ಕೆ ಬೀಳುವವರೆಗೆ ಕಾಯಿಸಿ, ಹಪ್ಪಳದ ಹಾಗೆ ಮುರಿದು ಕಪ್ಪು ಚಹಾದ ಜೊತೆ ಕೊಡುತ್ತಿದ್ದರು. ಅಗಿಯುವಾಗ ದವಡೆ ನೋಯುತ್ತದೆ ಎಂದು ನಾನು ಒಮ್ಮೆ ಹೇಳಿದ್ದೆ.

"ನೋಯ್ಬೇಕು. ನಿನ್ನೆಯ ತಪ್ಪನ್ನು ಇವತ್ತು ಅಗಿದೇ ಮುಗಿಸುದು."

ಎಳೆಮ್ಮ ಸುಳ್ಯದಿಂದಾಚೆ ಕೇರಳದ ಗಡಿಗೆ ತಾಗಿದ ಊರಿನವರು. ಮದುವೆಯಾಗಿ ಬಂದ ಕೆಲವೇ ತಿಂಗಳಲ್ಲಿ ಎಳೇಪ್ಪ ಗಲ್ಫಿಗೆ ಹೋದರು. ಎಳೆಮ್ಮನಿಗೆ ಆ ಮನೆಯಲ್ಲಿ ತನ್ನದು ಎಂದು ಹೇಳಲು ಒಂದು ಕಬ್ಬಿಣದ ಪೆಟ್ಟಿಗೆ ಮತ್ತು ನಾನು, ಎರಡೇ ಉಳಿದೆವು. ಉಮ್ಮ ಹೆರಿಗೆಗೆ ಹೋದ ಮೇಲೆ ನನ್ನ ತಲೆ ಬಾಚುವುದು, ಮಗ್ಗಿ ಕೇಳುವುದು, ಜ್ವರ ಬಂದರೆ ಪಕ್ಕದಲ್ಲಿ ಮಲಗುವುದು ಎಲ್ಲ ಅವರೇ. ಅವರ ತವರಿನಲ್ಲಿ ಉಳಿದ ರೊಟ್ಟಿಯನ್ನು ತೆಂಗಿನ ಹಾಲಿನಲ್ಲಿ ಮೆತ್ತಗೆ ಮಾಡುತ್ತಿದ್ದರಂತೆ. ಬಂದ ಹೊಸತರಲ್ಲಿ ಅವರು ಅದನ್ನು ಇಲ್ಲಿಯೂ ಮಾಡಲು ಹೊರಟು, ಕಾಯಿ ಒಡೆಯಲು ಕತ್ತಿ ಎತ್ತಿದ್ದರು. ಬೆಲ್ಯುಮ್ಮ ಆ ಕತ್ತಿಯನ್ನು ಕೈಯಿಂದ ತೆಗೆದುಕೊಂಡರು.

"ಹಳೆ ರೊಟ್ಟಿಗೆ ಹೊಸ ತೆಂಗಿನಕಾಯಿಯಾ? ಕತ್ತೆಗೆ ಅತ್ತರು ಹಚ್ಚಿದ ಹಾಗೆ!"

"ರೊಟ್ಟಿ ಹಳತಾದ್ರೆ ತಿನ್ನುವವರೂ ಹಳಬರಾ, ಮಾಮಿ?"

ಅಲ್ಲಿಂದ ಶುರು. ರೊಟ್ಟಿ ಉಳಿದ ಪ್ರತಿ ಬೆಳಗ್ಗೆ ಆ ಜಗಳ ಮತ್ತೆ ಬಿಸಿಯಾಗುತ್ತಿತ್ತು. ಕೆಂಡದ ರೊಟ್ಟಿಯನ್ನು ಎಳೆಮ್ಮ ಮುಟ್ಟದೆ ಎದ್ದು ಹೋಗುವುದು, ಬೆಲ್ಯುಮ್ಮ ಗೋಡೆಗೆ ಹೇಳಿದ ಹಾಗೆ ಅವರಿಗೆ ಹೇಳುವುದು, ಮಧ್ಯದಲ್ಲಿ ನಾನು ಎರಡೂ ಕಡೆಯ ಚಹಾ ಕುಡಿಯುವುದು. ಕೊನೆಗೆ ಒಂದು ದಿನ ಎಳೆಮ್ಮ ಹಿಂದಿನ ಸೌದೆ ಕೊಟ್ಟಿಗೆಯಲ್ಲಿ ಮೂರು ಮುರಕಲ್ಲು ತಂದು ಇಟ್ಟರು. ಒಲೆ ಹಚ್ಚಲಿಲ್ಲ, ಕಲ್ಲು ಮಾತ್ರ ಇಟ್ಟರು. ನಮ್ಮಲ್ಲಿ ಅದರ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಮನೆಯಲ್ಲಿ ಎರಡನೇ ಒಲೆ ಉರಿದರೆ ಮನೆ ಎರಡಾಯಿತು ಎಂದೇ. ಈ ಮಾತು ಆಡಲು ಎಳೆಮ್ಮ ತವರಿನಿಂದ ಅಣ್ಣನನ್ನು ಬರಹೇಳಿದ್ದರು, ನಾನು ಹೇಳುತ್ತಿರುವ ಆ ದಿನ ಮಧ್ಯಾಹ್ನ ಅವರು ಬರುವವರಿದ್ದರು. ನನಗೆ ಇದ್ದ ಚಿಂತೆ ಒಂದೇ: ಎರಡು ಒಲೆಯಾದರೆ ನಾನು ಯಾವುದರ ಮುಂದೆ ಕೂರುವುದು? ಕೇಳಿದ್ದಕ್ಕೆ ಬೆಲ್ಯುಮ್ಮ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಿದ್ದರು.

"ನೀನು ನನ್ನ ಮಗನ ಮಗಳು. ನನ್ನ ಒಲೆಯಿಂದ ಉಣ್ಣುದು. ಆ ಕಡೆಯ ಹೊಸ್ತಿಲು ದಾಟುದಿಲ್ಲ."

ಇನ್ನು ಚಂದ್ರನ ವಿಷಯ. ಪಳ್ಳಿಯಲ್ಲಿ ಮಕ್ಕಳಿಗೆ ಮದ್ರಸದ ಪಾಠ ಹೇಳುವ ಉಸ್ತಾದರಿಗೆ ಊಟ ಊರಿನ ಮನೆಗಳಿಂದ ಸರದಿಯಲ್ಲಿ ಹೋಗಬೇಕು, ಸರದಿ ನಡೆಯುವುದು ಚಂದ್ರಮಾಸದ ದಿನದ ಮೇಲೆ. ಪ್ರತಿ ತಿಂಗಳ ಒಂದನೇ ದಿನ ನಮ್ಮ ಮನೆಯದು. ಇಪ್ಪತ್ತೊಂಬತ್ತರ ಸಂಜೆ ಚಂದ್ರ ಕಂಡರೆ ಮರುದಿನ ಒಂದು, ಕಾಣದಿದ್ದರೆ ಮೂವತ್ತು ತುಂಬಿಸಿ ಆಮೇಲೆ ಒಂದು. ರಂಜಾನಿಗಾದರೆ ಊರೇ ಆಕಾಶ ನೋಡುತ್ತದೆ. ಶಾಬಾನಿಗೆ ಯಾರು ನೋಡುತ್ತಾರೆ? ನೋಡುತ್ತಿದ್ದವರು ಬೆಲ್ಯುಮ್ಮ, ಪ್ರತಿ ತಿಂಗಳೂ, ಅಂಗಳದ ಮೂಲೆಯಲ್ಲಿ ನಿಂತು. ಹಿಂದಿನ ಸಂಜೆಯೂ ನಿಂತಿದ್ದರು. ಪಡುವಣದಲ್ಲಿ ಮೋಡ.

"ಇಲ್ಲ. ಮೂವತ್ತು ತುಂಬಿಸುದು," ಎಂದರು.

"ಇಲ್ಲಿ ಮೋಡ. ನಮ್ಮ ಊರಿನ ಕಡೆ ಕಂಡಿದ್ರೆ, ಮಾಮಿ?" ಎಂದರು ಎಳೆಮ್ಮ.

"ನಿಮ್ಮ ಊರಿಗೆ ಬೇರೆ ಚಂದ್ರ ಉಂಟಾ ಮಾರಾಯ್ತಿ?"

ಉಪ್ಪ ಮನೆಯಲ್ಲಿದ್ದಿದ್ದರೆ ರಾತ್ರಿಯ ಇಶಾ ನಮಾಜಿಗೆ ಪಳ್ಳಿಗೆ ಹೋಗಿ ಸುದ್ದಿ ತರುತ್ತಿದ್ದರು. ಅವರು ಪುತ್ತೂರಿನಿಂದ ಇಬ್ಬರು ವ್ಯಾಪಾರದ ಸ್ನೇಹಿತರನ್ನು ಕರೆದುಕೊಂಡು ಬರುವವರಿದ್ದರು, ಅದಕ್ಕೆಂದು ರೊಟ್ಟಿಯೂ ಜಾಸ್ತಿ ಆಗಿತ್ತು. ಬಸ್ಸು ತಪ್ಪಿತು. ರೊಟ್ಟಿ ಉಳಿಯಿತು, ಸುದ್ದಿ ಬರಲಿಲ್ಲ. ಹೀಗಾಗಿ ಬೆಳಗ್ಗೆ ನಾನು ಬೂದಿ ತೆಗೆದು ಓಡು ಒರೆಸುತ್ತಿದ್ದಾಗ ಪಳ್ಳಿಯ ಕೆಲಸ ನೋಡಿಕೊಳ್ಳುವ ಹಸನಾಕ ಅಡುಗೆಮನೆಯ ಬಾಗಿಲ ಹೊರಗೆ ಕೆಮ್ಮಿ, ಉಸ್ತಾದರ ಬುತ್ತಿಯ ಪಾತ್ರೆಯನ್ನು ಹಿಂದಿನ ಜಗಲಿಯಲ್ಲಿ ಇಟ್ಟದ್ದು ನಮಗೆ ಸಿಡಿಲು ಬಡಿದ ಹಾಗಾಯಿತು.

"ಹಸನಾಕ, ನಿಮಗೆ ಮನೆ ತಪ್ಪಿತಾ? ನಮ್ಮದು ನಾಳೆ," ಎಂದರು ಬೆಲ್ಯುಮ್ಮ ಬಾಗಿಲ ಮರೆಯಿಂದ.

"ಇವತ್ತು ಒಂದಲ್ವಾ? ನಿನ್ನೆ ಇಶಾ ಆದ ಮೇಲೆ ಪಳ್ಳಿಯಲ್ಲಿ ಖತೀಬರು ಹೇಳಿದ್ರಲ್ಲ. ಸುಳ್ಯದಿಂದಾಚೆ ಚಂದ್ರ ಕಂಡಿದೆಯಂತೆ."

ಎಳೆಮ್ಮ ಒಲೆಯ ಕಡೆ ತಿರುಗಿ ನಿಂತರು. ನಗುತ್ತಿದ್ದರೋ ಏನೋ, ನನಗೆ ಬೆನ್ನು ಮಾತ್ರ ಕಾಣುತ್ತಿತ್ತು. ಮದ್ರಸದ ಪಾಠ ಬಿಟ್ಟ ಕೂಡಲೇ ಬಂದು ಬುತ್ತಿ ಕೊಂಡುಹೋಗುತ್ತೇನೆ ಎಂದು ಹಸನಾಕ ಹೋದರು. ಬೆಲ್ಯುಮ್ಮ ಅಡುಗೆಮನೆಯ ನಡುವೆ ನಿಂತರು. ಆ ಜಾಗದಲ್ಲಿ ಏನು ಮಾಡಬೇಕೆಂದು ತೋಚದೆ ಅವರು ನಿಂತದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಮಧ್ಯಾಹ್ನದ್ದು, ರಾತ್ರಿಯದ್ದು ಹೇಗೂ ಆಗುತ್ತದೆ. ಬೆಳಗಿನದ್ದು? ಹೊಸ ರೊಟ್ಟಿಗೆ ಅಕ್ಕಿ ನೆನೆದಿಲ್ಲ, ಕುಚ್ಚಲಕ್ಕಿಯನ್ನು ಬೆದರಿಸಿ ನೆನೆಸಲು ಆಗುವುದಿಲ್ಲ. ಮನೆಯಲ್ಲಿ ಇದ್ದದ್ದು ನಿನ್ನೆಯ ರೊಟ್ಟಿ, ಬುಟ್ಟಿ ತುಂಬ. ಉಸ್ತಾದರಿಗೆ ಉಳಿದದ್ದನ್ನು ಕಳಿಸಿದ ಮನೆ ಎಂದು ಹೆಸರಾದರೆ ಬೆಲ್ಯುಮ್ಮ ಊರಿನಲ್ಲಿ ತಲೆ ಎತ್ತುವಂತಿರಲಿಲ್ಲ. ಏನೂ ಕಳಿಸದಿದ್ದರೆ ಅದಕ್ಕಿಂತ ಹೀನಾಯ. ಅವರು ಒಂದು ರೊಟ್ಟಿ ಎತ್ತಿ ಕೆಂಡದ ಮೇಲೆ ಇಟ್ಟರು.

"ಮಾಮಿ, ಉಸ್ತಾದರಿಗೆ ಹಲ್ಲು ಉಂಟಾ?" ಎಂದರು ಎಳೆಮ್ಮ.

ಇರಲಿಲ್ಲ. ಮುಂದಿನ ಎರಡು ಬಿಟ್ಟರೆ ಅವರ ಬಾಯಿ ಖಾಲಿ ಎಂಬುದು ಮದ್ರಸದ ನಮಗೆಲ್ಲ ಗೊತ್ತಿತ್ತು. ಕೆಂಡದ ಮೇಲಿನ ರೊಟ್ಟಿ ಟಪ್ ಎಂದು ಸದ್ದು ಮಾಡಿ ಬಿರಿಯಿತು. ಬೆಲ್ಯುಮ್ಮ ಅದನ್ನು ಇಕ್ಕಳದಲ್ಲಿ ತೆಗೆದು ಪಕ್ಕಕ್ಕೆ ಇಟ್ಟರು. ಆಮೇಲೆ ಮೂಲೆಗೆ ಹೋಗಿ, ಕಾಯಿಯನ್ನು ತಾವೇ ಆರಿಸಿ, ಕಿವಿಯ ಬಳಿ ಅಲುಗಾಡಿಸಿ ನೀರಿನ ಸದ್ದು ಕೇಳಿ, ಕತ್ತಿಯ ಸಮೇತ ಎಳೆಮ್ಮನ ಮುಂದೆ ಇಟ್ಟರು.

ಆ ಗಡಿಬಿಡಿಯಲ್ಲಿ ನನ್ನನ್ನು ಮದ್ರಸಕ್ಕೆ ಕಳಿಸಲು ಇಬ್ಬರೂ ಮರೆತಿದ್ದರು. ಎಳೆಮ್ಮ ಮಾಡಿದ್ದನ್ನು ನಾನು ಕಣ್ಣು ಮಿಟುಕಿಸದೆ ನೋಡಿದೆ, ಕ್ರಮ ತಪ್ಪದೆ ಬರೆಯುತ್ತೇನೆ. ಕಾಯಿ ತುರಿದು ಮೊದಲ ದಪ್ಪ ಹಾಲನ್ನು ಬೇರೆ ಹಿಂಡಿ ಇಟ್ಟರು. ಎರಡನೇ ತೆಳು ಹಾಲಿಗೆ ಉಪ್ಪು, ಜಜ್ಜಿದ ಸಣ್ಣ ನೀರುಳ್ಳಿ, ಚಿಟಿಕೆ ಜೀರಿಗೆ ಹಾಕಿ ಬಿಸಿ ಮಾಡಿದರು, ಕುದಿಯಲು ಬಿಡಲಿಲ್ಲ. ಕುದಿದರೆ ಹಾಲು ಒಡೆಯುತ್ತದೆ. ಒಣಗಿದ ರೊಟ್ಟಿಗೆ ಎರಡೂ ಮಗ್ಗುಲು ಬಿಸಿನೀರು ಚಿಮುಕಿಸಿ, ಕಾದ ಓಡಿನ ಮೇಲೆ ಒಮ್ಮೆ ಹಾಕಿ ತೆಗೆದರು. ನಿನ್ನೆಯಿಂದ ಬಿಗಿದುಕೊಂಡಿದ್ದ ರೊಟ್ಟಿ ಒಂದು ಉಸಿರು ಬಿಟ್ಟ ಹಾಗೆ ಸಡಿಲವಾಯಿತು. ಆ ಬಿಸಿಯಲ್ಲೇ ನಾಲ್ಕು ಮಡಿಕೆ ಮಾಡಿ, ಪಾತ್ರೆಯಲ್ಲಿ ಒಂದರ ಪಕ್ಕ ಒಂದು ಜೋಡಿಸಿ, ಮೇಲಿಂದ ತೆಳು ಹಾಲು ಹೊಯ್ದು, ಬಾಡಿಸಿದ ಬಾಳೆಲೆಯಿಂದ ಮುಚ್ಚಿದರು. ಇನ್ನು ಕೈ ಹಾಕುವ ಹಾಗಿಲ್ಲ, ಅದು ತಾನಾಗಿ ಕುಡಿಯಬೇಕು. ಕೊನೆಗೆ ಎಲೆ ಸರಿಸಿ ದಪ್ಪ ಹಾಲು. ಬೆಲ್ಯುಮ್ಮ ಬಗ್ಗಿ ಮೂಸಿದರು. ಹಿಂದೆ ಸರಿಯಲಿಲ್ಲ.

ಈಗ ಪುತ್ತೂರಿನ ನನ್ನ ಮನೆಯಲ್ಲಿ ಮೈಕ್ರೊವೇವ್ ಉಂಟು. ಸೊಸೆ ಉಳಿದ ರೊಟ್ಟಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಅದರೊಳಗಿಟ್ಟು ಗುಂಡಿ ಒತ್ತುತ್ತಾಳೆ. ನಾನು ಬೇಡ ಎನ್ನುವುದಿಲ್ಲ, ಅವಸರಕ್ಕೆ ಅದೂ ಸರಿಯೇ. ಆದರೆ ಪೆಟ್ಟಿಗೆಯಿಂದ ಬಂದ ರೊಟ್ಟಿ ತಟ್ಟೆಗೆ ಬೀಳುವಾಗ ಮೃದು, ಮಾತಾಡಿ ಮುಗಿಸುವಾಗ ಮತ್ತೆ ಅಟ್ಟೆ. ಮೊಮ್ಮಗಳು ಅದನ್ನು ತಟ್ಟೆಗೆ ಬಡಿದು ಸದ್ದು ಮಾಡಿ ನನ್ನನ್ನು ನೋಡುತ್ತಾಳೆ. ಆಗ ನಾನು ಎದ್ದು ಕಾಯಿ ಒಡೆಯುತ್ತೇನೆ.

ಪಾಠ ಬಿಟ್ಟ ಮೇಲೆ ಹಸನಾಕ ಬಂದರು. ಬುತ್ತಿ ತುಂಬಿಸಿ ಕೊಕ್ಕೆ ಹಾಕಿ ಆಗಿತ್ತು. ಬೆಲ್ಯುಮ್ಮ ಬಾಗಿಲ ಬಳಿ ಬಂದು ಹೇಳಿದರು:

"ಹಸನಾಕ, ಇದು ನಿನ್ನೆಯ ರೊಟ್ಟಿ. ಉಸ್ತಾದರಿಗೆ ಹೇಳಿಯೇ ಕೊಡಿ."

ಎಳೆಮ್ಮ ಬೆಚ್ಚಿದರು. "ಹೇಳದಿದ್ರೆ ಗೊತ್ತೇ ಆಗುದಿಲ್ಲ, ಮಾಮಿ."

"ಅವರಿಗೆ ಗೊತ್ತಾಗುದಿಲ್ಲ. ನನಗೆ ಗೊತ್ತುಂಟಲ್ಲ."

"ಅಯ್ಯೋ ಮಾರಾಯ್ರೆ, ಇದನ್ನು ನನ್ನ ಬಾಯಿಂದ ಹೇಳಿಸ್ಬೇಡಿ," ಎಂದರು ಹಸನಾಕ.

"ಬುತ್ತಿ ಹೊರುವ ಕೈ ನಿಮ್ಮದೇ ಅಲ್ವಾ? ಬಾಯಿಯೂ ನಿಮ್ಮದೇ ಇರ್ಲಿ."

ಅವರು ಹೋದರು. ಬೆಲ್ಯುಮ್ಮ ಮಧ್ಯಾಹ್ನದ ಊಟಕ್ಕೆ ಮೀನು ಹೆಚ್ಚುತ್ತಿದ್ದರು, ಎಳೆಮ್ಮ ಮಸಾಲೆ ಕಡೆಯುತ್ತಿದ್ದರು, ನಾನು ಶಾಲೆಗೆ ಹೊರಟವಳು ಚೀಲ ಹೆಗಲಿಗೆ ಹಾಕಿ ಹಿಂದಿನ ಜಗಲಿಯ ಕಂಬ ಹಿಡಿದು ನಿಂತಿದ್ದೆ. ಹಸನಾಕ ತಿರುಗಿ ಬರುವುದು ಕಂಡಿತು. ಬುತ್ತಿಯ ಪಾತ್ರೆ ಕೈಯಲ್ಲಿ ಹಗುರಾಗಿ ಆಡುತ್ತಿತ್ತು.

"ಹೇಳಿದ್ರಾ?" ಎಂದರು ಬೆಲ್ಯುಮ್ಮ.

"ಹೇಳ್ದೆ. ಮೊದ್ಲು ತಿಂದ್ರು. ತಳ ಒರೆಸಿ ತಿಂದ್ರು. ಆಮೇಲೆ ಒಂದು ಮಾತು ಕೇಳಿದ್ರು. ಹೇಳ್ಬಹುದಾ ಬೇಡವಾ ಅಂತ ದಾರಿಯುದ್ದಕ್ಕೂ ಆಲೋಚನೆ ಮಾಡ್ತಾ ಬಂದೆ."

"ಎಂತ ಕೇಳಿದ್ರು?"

"ಇದು ನಿನ್ನೆಯದ್ದಾದ್ರೆ, ಇಷ್ಟು ಕಾಲ ಈ ಮನೆಯಿಂದ ಬಂದದ್ದು ಯಾವಾಗಿನದ್ದು ಅಂತ."

ಎಳೆಮ್ಮನ ಕೈಯಲ್ಲಿ ಕಡೆಯುವ ಕಲ್ಲು ನಿಂತಿತು. ಇಷ್ಟು ಕಾಲ ಉಸ್ತಾದರಿಗೆ ಹೋಗುತ್ತಿದ್ದದ್ದು ನಸುಕಿನಲ್ಲಿ ಸುಟ್ಟ ಹೊಸ ರೊಟ್ಟಿಯೇ. ಆದರೆ ಬುತ್ತಿಯಲ್ಲಿ ಕೂತು, ಪಾಠ ಮುಗಿಯುವವರೆಗೆ ಕಾದು, ಗಟ್ಟಿಯಾಗಿ ಅವರ ಮುಂದೆ ಬರುತ್ತಿತ್ತು. ಹಲ್ಲಿಲ್ಲದ ಆ ಮನುಷ್ಯ ಅದನ್ನು ಚಹಾದಲ್ಲಿ ಅದ್ದಿ ಅದ್ದಿ ನುಂಗುತ್ತಿದ್ದರು, ದೂರು ಹೇಳುತ್ತಿರಲಿಲ್ಲ. ಅದನ್ನೂ ಹಸನಾಕ ಅಂದೇ ಹೇಳಿದರು. ಬೆಲ್ಯುಮ್ಮ ಮೀನಿನ ಕತ್ತಿಯನ್ನು ಮಣೆಯ ಮೇಲೆ ಇಟ್ಟರು. ಆಮೇಲೆ ಅವರ ಹೆಗಲು ಅಲುಗಿತು. ಅಳುತ್ತಿದ್ದಾರೆ ಎಂದುಕೊಂಡೆ. ನಗುತ್ತಿದ್ದರು, ಕಣ್ಣಲ್ಲಿ ನೀರು ಬರುವಷ್ಟು. ನನ್ನ ಮೇಲೆ ಕಣ್ಣು ಬಿದ್ದ ಕೂಡಲೇ ನಗು ನಿಂತಿತು.

"ಶಾಲೆ ನಿನ್ನ ಹತ್ರ ಬರ್ತದಾ? ಹೋಗು!"

ಸಂಜೆ ನಾನು ಮನೆಗೆ ಬಂದಾಗ ಎಳೆಮ್ಮನ ಅಣ್ಣ ಎದುರಿನ ಜಗಲಿಯ ಬೆಂಚಿನಲ್ಲಿ ಕೂತಿದ್ದರು. ಎದುರಿಗೆ ಪುತ್ತೂರಿನಿಂದ ಬಂದಿಳಿದ ಉಪ್ಪ. ಇಬ್ಬರೂ ಮಾತು ಎಲ್ಲಿಂದ ಶುರು ಮಾಡುವುದು ಎಂದು ತಿಳಿಯದೆ ಕಾಳುಮೆಣಸಿನ ಬೆಳೆಯ ವಿಷಯ ಮಾತಾಡುತ್ತಿದ್ದರು. ಬಾಗಿಲ ಒಳಗೆ ಬೆಲ್ಯುಮ್ಮ, ಅವರ ಹಿಂದೆ ಎಳೆಮ್ಮ. ನಾನು ಎಳೆಮ್ಮನ ಸೆರಗು ಹಿಡಿದುಕೊಂಡೆ. ಅಣ್ಣ ಗಂಟಲು ಸರಿ ಮಾಡಿಕೊಂಡು, ಹುಡುಗಿ ಒಂದು ಬೇರೆ ಒಲೆ ಕೇಳುತ್ತಿದ್ದಾಳೆ, ತಪ್ಪು ತಿಳಿಯಬಾರದು ಎಂದರು. ಉಪ್ಪ ಬಾಯಿ ತೆರೆಯುವ ಮೊದಲು ಒಳಗಿನಿಂದ ಬೆಲ್ಯುಮ್ಮನ ದನಿ ಬಂತು.

"ಎರಡು ಒಲೆ ಬೇಡ. ಬೆಳಗ್ಗೆ ಒಲೆ ಅವಳದ್ದು. ಕಾಯಿಯೂ ಅವಳದ್ದು, ನಾನು ಕೇಳುದಿಲ್ಲ. ಅಸರ್ ಆದ ಮೇಲೆ ನನ್ನದು. ಅಷ್ಟು ಹೊತ್ತಿಗೆ ಅವಳು ಕೈ ಹಾಕುದಿಲ್ಲ."

ಅಣ್ಣ ಗಡ್ಡ ನೀವಿಕೊಂಡರು. "ಸರಿ. ಮತ್ತೆ ಜಗಳ ಆದ್ರೆ?"

"ಆಗ್ತದೆ. ಮಧ್ಯಾಹ್ನ ಮಾಡುವ. ಮಧ್ಯಾಹ್ನ ಇಬ್ಬರದ್ದೂ."

ಉಪ್ಪ ಗೋಣಿಗಳ ಕಡೆ ಮುಖ ತಿರುಗಿಸಿ ನಕ್ಕರು. ಅಣ್ಣ ತಂಗಿಯನ್ನು ನೋಡಿದರು. ಎಳೆಮ್ಮ ಬೆಲ್ಯುಮ್ಮನ ಕಡೆ ತಿರುಗಿದರು.

"ರಾತ್ರಿ ಉಳಿದದ್ದು ಯಾರ ಲೆಕ್ಕಕ್ಕೆ, ಮಾಮಿ? ಮಾಡಿದವರದ್ದಾ, ಬೆಳಗ್ಗೆ ಬಿಸಿ ಮಾಡುವವರದ್ದಾ?"

"ಬಿಸಿ ಮಾಡುವವರದ್ದು."

"ಹಾಗಾದ್ರೆ ಆಯ್ತು."

ಮಾತು ಅಷ್ಟಕ್ಕೇ ಮುಗಿಯಿತು. ಒಲೆ ಎರಡಾಗಲಿಲ್ಲ, ಹೊತ್ತು ಎರಡಾಯಿತು. ಮುಂದೆ ನಾನು ಹೆಣ್ಣುಮಕ್ಕಳ ಹಾಸ್ಟೆಲ್ ನೋಡಿಕೊಂಡ ವರ್ಷಗಳಲ್ಲಿ, ಒಂದು ಬಚ್ಚಲಿಗೆ, ಒಂದು ಕನ್ನಡಿಗೆ ಜಡೆ ಹಿಡಿದು ಹೊಡೆದಾಡುತ್ತಿದ್ದ ಹುಡುಗಿಯರಿಗೆ ನಾನು ಬುದ್ಧಿವಾದ ಹೇಳಲು ಹೋಗಲಿಲ್ಲ. ವೇಳಾಪಟ್ಟಿ ಬರೆದು ಬಾಗಿಲಿಗೆ ಅಂಟಿಸಿದೆ. ನನ್ನನ್ನು ಗಡಿಯಾರ ಟೀಚರ್ ಎಂದು ಹಿಂದಿನಿಂದ ಕರೆಯುತ್ತಿದ್ದರು. ಕರೆಯಲಿ. ಮನುಷ್ಯರು ಒಬ್ಬರನ್ನೊಬ್ಬರು ಇಷ್ಟಪಡುವವರೆಗೆ ಕಾಯಲು ಯಾವ ಮನೆಗೂ ಪುರಸೊತ್ತಿಲ್ಲ. ಹೊತ್ತು ಹಂಚಿಕೊಂಡರೆ ಇಷ್ಟ ನಿಧಾನವಾಗಿ ಹಿಂದಿನಿಂದ ಬರುತ್ತದೆ. ಇದನ್ನು ನಾನು ಕಲಿತದ್ದು ಆ ಜಗಲಿಯ ಬಾಗಿಲಲ್ಲಿ. ಕೊಟ್ಟಿಗೆಯ ಮೂರು ಕಲ್ಲುಗಳ ಮೇಲೆ ಮರುದಿನದಿಂದ ಸ್ನಾನದ ನೀರಿನ ಹಂಡೆ ಕೂತಿತು.

ಆ ಸಂಜೆ ಒಲೆಯ ಮುಂದೆ ಬೆಲ್ಯುಮ್ಮ ಕೂತರು, ಎಳೆಮ್ಮ ಕೈ ಹಾಕಲಿಲ್ಲ. ಮುಸ್ಸಂಜೆಯ ಮಗ್ರಿಬ್ ನಮಾಜು ಆಗಿ ಉಸ್ತಾದರ ಬುತ್ತಿ ಹೋಯಿತು. ಅಣ್ಣ ಉಂಡರು, ಉಪ್ಪ ಉಂಡರು, ನಾವು ಮೂವರು ಉಂಡೆವು. ಬರಬೇಕಾದವರೆಲ್ಲ ಹಾಜರು, ಬಸ್ಸು ತಪ್ಪಿಸಿಕೊಂಡವರು ಯಾರೂ ಇಲ್ಲ. ಆದರೂ ತಟ್ಟೆಗಳನ್ನು ತೆಗೆದು ನೋಡಿದರೆ ಬುಟ್ಟಿಯ ತಳದಲ್ಲಿ ರೊಟ್ಟಿ ಇತ್ತು, ಒಂದಲ್ಲ, ಒಂದು ಸಣ್ಣ ಕಟ್ಟು. ಎಳೆಮ್ಮ ಬುಟ್ಟಿಯನ್ನು ನೋಡಿದರು, ಆಮೇಲೆ ಬೆಲ್ಯುಮ್ಮನನ್ನು.

"ಎಂತ ಮಾಮಿ, ಕೈ ತಪ್ಪಿತಾ?"

ಬೆಲ್ಯುಮ್ಮ ಓಡನ್ನು ಒಲೆಯಿಂದ ಇಳಿಸುತ್ತಿದ್ದರು. ತಿರುಗಿ ನೋಡಲಿಲ್ಲ.

"ತಪ್ಪಿತು ಮಾರಾಯ್ತಿ. ಮುಚ್ಚಿಡ್ಲಿಕ್ಕೆ ಹೇಳು ಆ ಹುಡುಗಿಗೆ."

ನಾನು ಬುಟ್ಟಿಗೆ ಬಿಳಿ ಬಟ್ಟೆ ಮುಚ್ಚಿ, ಸ್ಟೂಲಿನ ಮೇಲೆ ಹತ್ತಿ, ಬೆಕ್ಕಿಗೆ ಸಿಗದ ಹಾಗೆ ಮಾಡಿನಿಂದ ಇಳಿಬಿಟ್ಟಿದ್ದ ಹಗ್ಗದ ಸಿಕ್ಕದಲ್ಲಿ ಇಟ್ಟೆ. ಅದು ಸ್ವಲ್ಪ ಹೊತ್ತು ತೂಗಿ ನಿಂತಿತು. ಇಳಿದು ಸ್ಟೂಲನ್ನು ಅದರ ಜಾಗದಲ್ಲಿ ಇಟ್ಟು, ಕೈ ತೊಳೆದುಕೊಂಡೆ.